ಕೆಂಪು ಗೆರೆಯ ಮೇಲಿನ ನಾಲ್ಕು ಅಕ್ಷರ

"ಸುಳ್ಳ ಅಂತ ಬೈದಿದ್ದು ನನಗಾ, ನನ್ನ ಪ್ರೋಗ್ರಾಮಿಗಾ?"

ಜಗಳ ಆಡಲೆಂದೇ ರಗ್ದಾ ಐದನೇ ಮಹಡಿಗೆ ಹತ್ತಿ ಬಂದಿದ್ದಳು. ಲಿಫ್ಟ್ ಕೆಟ್ಟು ವಾರವಾಗಿತ್ತು. ಎರಡನೇ ಮಹಡಿಯಿಂದ ಮೆಟ್ಟಿಲು ಮೆಟ್ಟಿಲಿಗೂ ಒಂದೊಂದು ಮಾತು ಜೋಡಿಸಿಕೊಂಡು ಬಂದವಳಿಗೆ, ಬಾಗಿಲಲ್ಲೇ ಎದುರಿನವನು ಮೊದಲು ಬಾಯಿ ತೆರೆದದ್ದು ಸರಿಹೋಗಲಿಲ್ಲ.

"ಏನಂದ್ರಿ?"

ಅವನು ತನ್ನ ಪರದೆಯನ್ನು ಅವಳತ್ತ ತಿರುಗಿಸಿದ. ಬೆಳಿಗ್ಗೆ ಅವಳು ಕಳಿಸಿದ ದೂರಿನ ಪತ್ರ ಅಲ್ಲಿತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಚಿಹ್ನೆಗಳು. ರಗ್ದಾಳ ಮುಖಕ್ಕೆ ರಕ್ತ ನುಗ್ಗಿತು.

ಕೋಡ್ ಬರೆಯುವುದು ಇಂಗ್ಲಿಷಿನಲ್ಲಿ, ಪತ್ರ ಬರೆಯುವುದು ಅರಬಿಯಲ್ಲಿ. ಒಂದೊಂದು ಕೀಲಿಗೂ ಎರಡೂ ಭಾಷೆಯ ಒಂದೊಂದು ಅಕ್ಷರ; ನಡುವೆ ಎರಡು ಕೀಲಿ ಒತ್ತಿ ಭಾಷೆ ಬದಲಿಸಬೇಕು. ಸಿಟ್ಟಿನಲ್ಲಿ ಅದನ್ನು ಮರೆತು, ಪರದೆಯನ್ನೂ ನೋಡದೆ, ಇಡೀ ಪತ್ರ ಹೊಡೆದು ಕಳಿಸಿಬಿಟ್ಟಿದ್ದಳು. ಅಲೆಕ್ಸಾಂಡ್ರಿಯಾದ ಆ ಕಚೇರಿಯಲ್ಲಿ ದಿನಕ್ಕೆ ನಾಲ್ಕು ಜನ ಮಾಡುವ ತಪ್ಪೇ. ಆದರೆ ಬೈಗುಳದ ಪತ್ರದಲ್ಲಿ ಯಾರೂ ಮಾಡಿರಲಿಲ್ಲ.

"ಭಾಷೆ ಬದಲಿಸೋದು ಮರೆತೆ..." ಅಂದಳು.

"ಪರವಾಗಿಲ್ಲ, ಓದಿದೆ." ಅವನು ಒಂದು ಪದದ ಕೆಳಗೆ ಬೆರಳಿಟ್ಟ. ಅಲ್ಲಿ ;]hf ಎಂದಿತ್ತು. "ಸೆಮಿಕೋಲನ್ ಇರೋ ಕೀಲಿ ನಮ್ಮ ಕಾಫ್. ಆಮೇಲೆ ದಾಲ್, ಅಲಿಫ್, ಬಾ. ಕದ್ದಾಬ್. ಸುಳ್ಳ. ಒಂದೇ ಪತ್ರದಲ್ಲಿ ಮೂರು ಸಲ ಬರೆದಿದೀರಿ."

"ಅರಬಿಗೆ ಬದಲಿಸದೇನೇ ಓದಿದ್ರಾ?"

"ನಮ್ಮಮ್ಮ ಹತ್ತು ವರ್ಷದಿಂದ ನನಗೆ ಹೀಗೇ ಬರೀತಾರೆ. ಯಾರಿಗೆ ಬರಲ್ಲ ಹೇಳಿ ಇದು? ನಿಮಗೂ ಬರುತ್ತಲ್ಲ?"

ಸೋತು ನಿಂತವಳಿಗೆ ಇನ್ನೊಂದು ಸೋಲು ಬೇಡವಾಗಿತ್ತು.

"ಬರುತ್ತೆ. ಅದ್ಯಾವ ಮಹಾ ವಿದ್ಯೆ," ಅಂದಳು ರಗ್ದಾ.

ಸುಳ್ಳು. ಅವಳಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಹದಿನೈದನೇ ವಯಸ್ಸಿನಿಂದ ಕೀಬೋರ್ಡ್ ನೋಡದೆ ಟೈಪ್ ಮಾಡುತ್ತಿದ್ದವಳು ಅವಳು. ಯಾವ ಕೀಲಿಯಲ್ಲಿ ಯಾವ ಅಕ್ಷರ ಎಂದು ಬೆರಳಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಸುಳ್ಳ ಎಂದು ಮೂರು ಸಲ ಬೈಯಲು ಬಂದವಳು ಬಾಗಿಲಲ್ಲೇ ನಿಂತು ತಾನೇ ಒಂದು ಸುಳ್ಳು ಹೇಳಿದ್ದಳು. ಅದರ ಬೆಲೆ ಎಷ್ಟಾಗುತ್ತದೆಂದು ಆಗ ಅವಳಿಗೆ ತಿಳಿಯಲಿಲ್ಲ.

"ಈಗ ನಿಮ್ಮ ದೂರು ಬಾಯಲ್ಲೇ ಹೇಳಿ. ನನ್ನ ಹೆಸರು ಮುಹಾಬ್. ನೀವೆಲ್ಲ ಕೋಡ್ ಬರೆಯೋ ಈ ಎಡಿಟರ್ ನೋಡ್ಕೊಳ್ಳೋನು ನಾನೇ."

ರಗ್ದಾ ಹೇಳಿದಳು. ಕಂಪನಿಯವರೇ ಮಾಡಿಕೊಂಡ ಆ ಎಡಿಟರಿನಲ್ಲಿ ಕೋಡ್ ಟೈಪ್ ಮಾಡುತ್ತಿರುವಾಗಲೇ ಸಾಲುಗಳ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಇಲ್ಲಿ ತಪ್ಪು, ಅಲ್ಲಿ ತಪ್ಪು, ಕಂಪೈಲ್ ಆಗುವುದಿಲ್ಲ ಎನ್ನುತ್ತದೆ. ಬಿಲ್ಡ್ ಕೊಟ್ಟರೆ, ಅಂದರೆ ಇಡೀ ಕೋಡ್ ಜೋಡಿಸಿ ಪ್ರೋಗ್ರಾಮ್ ಮಾಡಿಸಿದರೆ, ಒಂದು ತಪ್ಪೂ ಇಲ್ಲ. ಫೈಲ್ ಮುಚ್ಚಿ ತೆರೆದರೆ ಗೆರೆಗಳೂ ಇಲ್ಲ.

"ಎಲ್ಲರಿಗೂ ಹೀಗಾಗುತ್ತಾ?"

ಅವಳು ಹೆದರುತ್ತಿದ್ದ ಪ್ರಶ್ನೆ ಅದು.

"ಇಲ್ಲ. ನನಗೊಬ್ಬಳಿಗೇ."

ಮೂರು ತಿಂಗಳಿಂದ ಅವಳು ಇದನ್ನೇ ಹೇಳಿ ಹೇಳಿ ಸಾಕಾಗಿದ್ದಳು. ತಂಡದ ಮುಖ್ಯಸ್ಥರು 'ಮೊದಲು ಸರಿಯಾಗಿ ಬರೆಯೋದು ಕಲಿ ಮಗಳೇ' ಎಂದಿದ್ದರು. ಪಕ್ಕದ ಮೇಜಿನ ಹಯಾಮ್ 'ನಿನ್ನ ಕಂಪ್ಯೂಟರಿಗೆ ಯಾರದೋ ಕಣ್ಣು ಬಿದ್ದಿದೆ, ನೀಲಿ ಮಣಿ ಕಟ್ಟು' ಎಂದು ನಕ್ಕಿದ್ದಳು. ಯಾರನ್ನಾದರೂ ಕರೆದು ತೋರಿಸಲು ಹೋದರೆ ಅವರೆದುರು ಗೆರೆ ಬೀಳುತ್ತಲೇ ಇರಲಿಲ್ಲ. ತನಗೇ ತಲೆ ಕೆಟ್ಟಿದೆಯೇನೋ ಎಂದು ಅವಳಿಗೆ ಅನ್ನಿಸತೊಡಗಿತ್ತು.

ಇವನೂ ನಗುತ್ತಾನೆ ಎಂದುಕೊಂಡಳು. ಮುಹಾಬ್ ನಗಲಿಲ್ಲ.

"ನಾಳೆ ಬಂದು ನೋಡ್ತೀನಿ, ಬಾಶ್‌ಮುಹಂದಿಸಾ," ಅಂದ.

ಬಾಶ್‌ಮುಹಂದಿಸಾ ಅಂದರೆ ಎಂಜಿನಿಯರಮ್ಮ. ಆ ಕಟ್ಟಡದಲ್ಲಿ ಎಲ್ಲರೂ ಎಲ್ಲರನ್ನೂ ಹಾಗೇ ಕರೆಯುತ್ತಿದ್ದರು. ಆದರೂ ಆ ದಿನ ಅವನ ಬಾಯಲ್ಲಿ ಆ ಮಾತು ಮರ್ಯಾದೆಯಂತೆ ಕೇಳಿಸಿತು ಅವಳಿಗೆ.

*

ಮರುದಿನ ಅವನು ಬಂದ. ಅದರ ಮರುದಿನವೂ ಬಂದ. ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ಕೈಯಲ್ಲಿ ಸಣ್ಣ ಪುಸ್ತಕ ಹಿಡಿದು, "ನಾನಿಲ್ಲ ಅಂದ್ಕೊಂಡು ಬರೀರಿ" ಅನ್ನುತ್ತಿದ್ದ.

ಪಕ್ಕದಲ್ಲಿ ಅಷ್ಟೆತ್ತರದ ಗಂಡಸು ಕೂತಿರುವಾಗ ಇಲ್ಲ ಎಂದುಕೊಳ್ಳುವುದು ಹೇಗೆ? ರಗ್ದಾಳ ಕೈ ತಡವರಿಸುತ್ತಿತ್ತು. ಕೈ ತಡವರಿಸಿದಾಗ ಗೆರೆ ಬೀಳುತ್ತಿರಲಿಲ್ಲ.

"ನೋಡಿದ್ರಾ? ನೀವೂ ನಂಬಲ್ಲ ಈಗ," ಅಂದಳು ಮೂರನೇ ದಿನ.

"ನಂಬದೆ ಇದ್ರೆ ದಿನಾ ಬರ್ತಿದ್ನಾ?"

ಎರಡು ವಾರ ಕಳೆಯುವಷ್ಟರಲ್ಲಿ ಅವನು ಬರುವ ಹೊತ್ತು ಅವಳಿಗೆ ಗಡಿಯಾರ ನೋಡದೆ ಗೊತ್ತಾಗತೊಡಗಿತು. ಬರುವಾಗ ಬೀದಿಯ ಮೂಲೆಯಿಂದ ಖಾರದ ಲಿವರ್ ಸ್ಯಾಂಡ್‌ವಿಚ್ ತರುತ್ತಿದ್ದ. ತನ್ನದರಲ್ಲಿದ್ದ ಹಸಿಮೆಣಸಿನಕಾಯಿ ಆರಿಸಿ ಅವಳ ಕಾಗದದ ಮೇಲಿಡುತ್ತಿದ್ದ.

"ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ ಖಾರ ತಿನ್ನಲ್ವಾ?"

"ಹೊರಗೆ ಹೇಳ್ಬೇಡಿ. ಊರಿಂದ ಓಡಿಸಿಬಿಡ್ತಾರೆ."

ಅವನು ಹೋದ ಮೇಲೆ ಹಯಾಮ್ ಕುರ್ಚಿ ತಿರುಗಿಸುತ್ತಿದ್ದಳು. "ಏನಮ್ಮಾ, ಇವತ್ತೂ ಎರರ್ ಸಿಗಲಿಲ್ವಾ?"

"ಇಲ್ಲ."

"ಸಿಗದೇ ಇರ್ಲಿ ಅಂತ ಬೇಡ್ಕೋ ನೀನು. ಸಿಕ್ಕಿದ್ರೆ ಆ ಕುರ್ಚಿ ಖಾಲಿ."

ರಗ್ದಾ ಅವಳ ತೋಳಿಗೊಂದು ಕೊಟ್ಟಳು. ಆದರೆ ಎದೆಯೊಳಗೆ ಏನೋ ಚುಚ್ಚಿತು. ಹೌದಲ್ಲ... ಸಿಕ್ಕಿದರೆ ಇವನು ಮತ್ತೆ ಯಾಕೆ ಬರುತ್ತಾನೆ?

ಆರನೇ ವಾರ, ರಜೆ ಮುಗಿದು ಕೆಲಸ ಶುರುವಾಗುವ ಭಾನುವಾರ, ಸಿಕ್ಕಿತು. ಅಷ್ಟು ಹೊತ್ತಿಗೆ ಅವನು ಪಕ್ಕದಲ್ಲಿರುವುದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅವಳ ಬೆರಳುಗಳು ಮೊದಲಿನ ವೇಗಕ್ಕೆ ಮರಳಿದ್ದವು. ಮುಹಾಬ್ ಪರದೆ ಬಿಟ್ಟು ಅವಳ ಕೈಗಳನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ, "ನಿಲ್ಲಿಸಿ," ಅಂದ.

ಅವಳು ನಿಲ್ಲಿಸಿದಳು. ಪರದೆಯ ಮೇಲೆ ಐದು ಕೆಂಪು ಗೆರೆ.

"ನೀವು ತುಂಬಾ ವೇಗ," ಅಂದ ಅವನು, ನಿಧಾನವಾಗಿ. "ತಪ್ಪು ಹುಡುಕೋ ಭಾಗ ಏನು ಮಾಡುತ್ತೆ ಅಂದ್ರೆ, ನಿಮ್ಮ ಫೈಲಿನ ಒಂದು ನಕಲು ತಗೊಂಡು ಹೋಗಿ ಓದುತ್ತೆ. ಓದಿ ವಾಪಸ್ ಬರೋಷ್ಟರಲ್ಲಿ ನೀವು ಎರಡು ಸಾಲು ಮುಂದೆ ಹೋಗಿರ್ತೀರಿ. ಅರ್ಧ ಬರೆದ ಹಳೇ ಸಾಲಿನ ತಪ್ಪನ್ನ ತಂದು ಹೊಸ ಸಾಲಿಗೆ ಅಂಟಿಸುತ್ತೆ. ಬೇರೆಯವರು ನಡುವೆ ನಿಲ್ತಾರೆ, ತಲೆ ಕೆರ್ಕೋತಾರೆ, ಟೀ ಕುಡೀತಾರೆ. ಅಷ್ಟರಲ್ಲಿ ಅದು ತನ್ನನ್ನ ತಾನೇ ತಿದ್ಕೊಳ್ಳುತ್ತೆ. ನೀವು ನಿಲ್ಲೋದೇ ಇಲ್ಲ."

"ಅಂದ್ರೆ..."

"ಅಂದ್ರೆ ತಪ್ಪು ನಿಮ್ಮದಲ್ಲ. ಅದು ನಿಮ್ಮಷ್ಟು ಬೇಗ ಓದಲ್ಲ, ಅಷ್ಟೇ."

ತಪ್ಪು ನಿಮ್ಮದಲ್ಲ. ಅಷ್ಟು ತಿಂಗಳಲ್ಲಿ ಆ ಮಾತು ಹೇಳಿದವನು ಅವನೊಬ್ಬನೇ. ರಗ್ದಾಳ ಕಣ್ಣು ತುಂಬಿ ಬಂತು. ಮುಖ ತಿರುಗಿಸಿಕೊಂಡು, "ಟೀ ತರ್ತೀನಿ," ಎಂದು ಎದ್ದುಹೋದಳು. ಇವನನ್ನು ನಾನು ಪ್ರೀತಿಸುತ್ತಿದ್ದೇನೆ, ಎಂದುಕೊಂಡಳು ಟೀ ಯಂತ್ರದ ಮುಂದೆ ನಿಂತು. ಎಂದುಕೊಂಡದ್ದೇ ಗಾಬರಿಯಾಗಿ ಸಕ್ಕರೆ ಎರಡು ಸಲ ಹಾಕಿದಳು.

ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಅವನ ಕುರ್ಚಿ ಖಾಲಿಯಿತ್ತು.

"ಎಲ್ಲಿ?"

"ಅವಸರವಾಗಿ ಓಡಿದ," ಅಂದಳು ಹಯಾಮ್. "ಕಿವಿ ಕೆಂಪಗಿತ್ತು. ಮೆಣಸಿನಕಾಯಿ ತಿಂದ್ಬಿಟ್ನೇನೋ."

ಪರದೆಯಲ್ಲಿ, ಅವಳ ಫೈಲಿನ ಕಟ್ಟಕಡೆಯ ಸಾಲಿನಲ್ಲಿ, ಅವಳು ಬರೆಯದ ನಾಲ್ಕು ಅಕ್ಷರಗಳಿದ್ದವು.

fpf;

ಕೆಳಗೆ ಕೆಂಪು ಗೆರೆ.

ಆರು ತಿಂಗಳ ಹಿಂದಾಗಿದ್ದರೆ ಒಂದು ಕೆಂಪು ಗೆರೆಯನ್ನು ಅವಳು ಹಾಗೆ ಬಿಡುತ್ತಿರಲಿಲ್ಲ. ಸುಳ್ಳು ಗೆರೆಗಳನ್ನು ನೋಡಿ ನೋಡಿ, ಈಗ ಕೆಂಪು ಕಂಡರೆ ಕಣ್ಣು ತಾನಾಗಿ ಜಾರುತ್ತಿತ್ತು. ಎದ್ದು ಹೋಗುವಾಗ ಅವನ ತೋಳು ಕೀಲಿಗಳಿಗೆ ತಾಗಿರಬೇಕು ಎಂದುಕೊಂಡಳು. ಅಳಿಸಿದಳು. ಫೈಲ್ ಉಳಿಸಿ ಅವನಿಗೊಂದು ಸಂದೇಶ ಕಳಿಸಿದಳು, ಈ ಸಲ ಭಾಷೆ ಬದಲಿಸಿ, ತಮಾಷೆಗೆ ಎಂಬಂತೆ.

"ನನ್ನ ಫೈಲಿನ ಕೊನೆಯಲ್ಲಿ ನೀವು ಬಿಟ್ಟುಹೋದ ಕಸ ಅಳಿಸಿದೆ. ಇನ್ಮೇಲೆ ಹೀಗೆಲ್ಲ ಮಾಡಬೇಡಿ. ಬಿಲ್ಡ್ ಮುರಿಯುತ್ತೆ."

ಉತ್ತರ ಬರಲು ಒಂದು ಗಂಟೆ ಹಿಡಿಯಿತು.

"ಕ್ಷಮಿಸಿ, ಬಾಶ್‌ಮುಹಂದಿಸಾ. ಇನ್ನೊಮ್ಮೆ ಆಗಲ್ಲ."

*

ಮರುದಿನದಿಂದ ಅವನು ಬರಲಿಲ್ಲ.

ಕೆಲಸ ಮುಗಿಯಿತಲ್ಲ, ಇನ್ನೇಕೆ ಬರುತ್ತಾನೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎರಡನೇ ದಿನವೂ ಹೇಳಿಕೊಂಡಳು. ಐದನೇ ದಿನ ಮೆಟ್ಟಿಲಲ್ಲಿ ಎದುರಾದ. "ಶುಭದಿನ, ಬಾಶ್‌ಮುಹಂದಿಸಾ," ಎಂದು ಗೋಡೆಗೆ ಸರಿದು ದಾರಿ ಬಿಟ್ಟ. ಈಗ ಅದೇ ಮಾತು ಬಾಗಿಲು ಹಾಕಿದಂತೆ ಕೇಳಿಸಿತು.

ಎರಡನೇ ವಾರ ಹಯಾಮ್ ಸುದ್ದಿ ತಂದಳು. "ಕೇಳಿದ್ಯಾ? ಮುಹಾಬ್ ಮಸ್ಕತ್ ಕಚೇರಿಗೆ ಹೋಗ್ತಿದಾನಂತೆ. ಎರಡು ವರ್ಷ. ತಾನೇ ಕೇಳ್ಕೊಂಡು ಹೋಗ್ತಿರೋದು. ಗುರುವಾರ ಸಹಿ ಹಾಕ್ತಾನಂತೆ."

ರಗ್ದಾ ಊಟದ ಹೊತ್ತಿಗೆ ಐದನೇ ಮಹಡಿ ಹತ್ತಿದಳು.

"ಹೋಗ್ತಿದೀರಂತೆ."

"ಹೌದು."

"ಹೇಳಲೇ ಇಲ್ಲ ನನಗೆ."

ಮುಹಾಬ್ ಕೀಬೋರ್ಡಿನ ಮೇಲಿಂದ ಕೈ ತೆಗೆದ. "ಹೇಳಬೇಕಾದ್ದು ಹೇಳಿದ್ದೆ. ನೀವು ಅಳಿಸಿದ್ರಿ."

"ಅದಕ್ಕಾ ಈ ಸಿಟ್ಟು?" ಅವಳಿಗೆ ನಂಬಲಾಗಲಿಲ್ಲ. "ಕೊನೆ ಸಾಲಲ್ಲಿ ಬಿದ್ದಿದ್ದನ್ನ ಒರೆಸಿದೆ ಅಂತನಾ?"

"ಸಿಟ್ಟಿಲ್ಲ. ಅಳಿಸೋದು ನಿಮ್ಮ ಹಕ್ಕು. ಆದ್ರೆ ಕಸ ಅನ್ನಬೇಕಾಗಿರಲಿಲ್ಲ."

"ಕಸಾನ ಕಸ ಅನ್ನದೆ ಏನನ್ನಲಿ?"

ಅವನ ಮುಖ ಬಿಳುಚಿತು. ಯಾಕೆಂದು ಅವಳಿಗೆ ಅರ್ಥವಾಗಲಿಲ್ಲ. ಅವನಿಗೆ ಮಾತ್ರ ಎಲ್ಲ ಅರ್ಥವಾಗಿತ್ತು, ಎಲ್ಲವೂ ತಪ್ಪಾಗಿ.

"ಸರಿ," ಅಂದ ಬಹಳ ಮೆಲ್ಲಗೆ. "ನಿಮ್ಮ ಎಡಿಟರ್ ಸರಿಮಾಡಿಟ್ಟೇ ಹೋಗ್ತೀನಿ. ಗುರುವಾರಕ್ಕೆ ಹೊಸದು ಬರುತ್ತೆ. ಇನ್ನು ಸುಳ್ಳು ಗೆರೆ ಬೀಳಲ್ಲ."

"ತುಂಬಾ ಉಪಕಾರ," ಅಂದು ಇಳಿದು ಬಂದಳು ರಗ್ದಾ. ಮೂರನೇ ಮಹಡಿಯ ಮೆಟ್ಟಿಲಲ್ಲಿ ಕೂತು ಅತ್ತಳು. ಇಷ್ಟು ಸಣ್ಣ ಮನಸ್ಸಿನವನಾ ಇವನು? ಒಂದು ಕಸ ಅಂದ ಮಾತಿಗೆ ಊರು ಬಿಟ್ಟು ಹೋಗುವಷ್ಟು? ಇಂಥವನಿಗಾಗಿ ನಾನ್ಯಾಕೆ ಅಳಬೇಕು? ಎಂದುಕೊಂಡೇ ಇನ್ನೂ ಸ್ವಲ್ಪ ಅತ್ತಳು.

*

ಗುರುವಾರ ಹೊಸ ಎಡಿಟರ್ ಬಂತು. ರಗ್ದಾ ಬೆಳಿಗ್ಗೆಯಿಂದ ಇನ್ನೂರು ಸಾಲು ಬರೆದಳು. ಒಂದು ಸುಳ್ಳು ಗೆರೆಯೂ ಬೀಳಲಿಲ್ಲ. ಅಪರೂಪಕ್ಕೆ ಕೆಂಪು ಬಿದ್ದರೆ ಅಲ್ಲಿ ನಿಜವಾಗಿ ತಪ್ಪಿರುತ್ತಿತ್ತು. ಹೇಳಿದ ಮಾತು ಉಳಿಸಿಕೊಂಡಿದ್ದ. ಅದರಿಂದ ಅವಳಿಗೆ ಸಮಾಧಾನವೇನೂ ಆಗಲಿಲ್ಲ.

ಹನ್ನೊಂದು ಗಂಟೆಗೆ ಅಮ್ಮನ ಸಂದೇಶ ಪರದೆಯ ಮೂಲೆಯಲ್ಲಿ ಮೂಡಿತು. 'ನಾಳೆ ಮಹ್ಶಿಗೆ ಎಲೆಕೋಸು ತರಲಾ, ದ್ರಾಕ್ಷಿ ಎಲೆ ತರಲಾ? ಬೆಳಿಗ್ಗೆ ಕೇಳಿದ್ರೆ ರೇಗಿದೆ. ಏನಾಗಿದೆ ಮಗಳೇ ನಿನಗೆ?'

ಮಹ್ಶಿ ಅಂದರೆ ಎಲೆಯೊಳಗೆ ಅಕ್ಕಿ ಸುತ್ತಿ ಬೇಯಿಸುವ ಅಡುಗೆ. ರಗ್ದಾಳಿಗೆ ನಾಚಿಕೆಯಾಯಿತು. ಅಪ್ಪ ಹೋದ ಮೇಲೆ ಅಮ್ಮನ ಹತ್ತಿರ ಅವಳು ದನಿ ಏರಿಸಿದ್ದೇ ಕಡಿಮೆ. ತಕ್ಷಣ ಉತ್ತರ ಬರೆಯಲು ಕೈ ಹೋಯಿತು. ತಪ್ಪಾಯ್ತು ಎನ್ನುವುದಕ್ಕಿಂತ ಮೊದಲು ಅವಳು ಯಾವಾಗಲೂ ಬರೆಯುತ್ತಿದ್ದದ್ದು ಒಂದೇ ಮಾತು. ಬಹಿಬ್ಬಿಕ್ ಯಾ ಮಾಮಾ. ನಿನ್ನನ್ನ ಪ್ರೀತಿಸ್ತೀನಿ ಅಮ್ಮಾ.

ಎಡಗೈ ತೋರುಬೆರಳು. ಬಲಗೈ ಕಿರುಬೆರಳು. ಮತ್ತೆ ತೋರುಬೆರಳು. ಮತ್ತೆ ಕಿರುಬೆರಳು. ಬಾ, ಹಾ, ಬಾ, ಕಾಫ್.

ಪರದೆ ನೋಡಿದಳು. ಭಾಷೆ ಬದಲಿಸಲು ಮರೆತಿದ್ದಳು.

fpf; dh lhlh

ಅವಳ ಕೈ ಕೀಲಿಗಳ ಮೇಲೇ ನಿಂತುಬಿಟ್ಟಿತು.

ಮೊದಲ ನಾಲ್ಕು ಅಕ್ಷರ. ಇದನ್ನು ನೋಡಿದ್ದೇನೆ... ಕೊನೆಯ ಸಾಲಿನಲ್ಲಿ, ಕೆಂಪು ಗೆರೆಯ ಮೇಲೆ. ನೋಡಿ ಅಳಿಸಿದ್ದೇನೆ. ಅಳಿಸಿ, ಕಸ ಎಂದಿದ್ದೇನೆ. ಒಂದು ಸಲವಲ್ಲ, ಅವನ ಮುಖದೆದುರು ನಿಂತು ಇನ್ನೊಂದು ಸಲ ಎಂದಿದ್ದೇನೆ.

ಗಂಡಿಗೆ ಹೇಳುವಾಗ ಬಹಿಬ್ಬಕ್, ಹೆಣ್ಣಿಗೆ ಹೇಳುವಾಗ ಬಹಿಬ್ಬಿಕ್. ಬರೆಯುವಾಗ ಎರಡೂ ಅದೇ ನಾಲ್ಕು ಅಕ್ಷರ.

ಯಾರಿಗೆ ಬರಲ್ಲ ಹೇಳಿ ಇದು, ಎಂದು ಕೇಳಿದ್ದ ಅವನು. ಬರುತ್ತೆ, ಎಂದಿದ್ದಳು ತಾನು. ಬಾಯಲ್ಲಿ ಹೇಳಲಾಗದವನು ಆ ಒಂದು ಮಾತನ್ನು ನಂಬಿ ಬರೆದುಹೋಗಿದ್ದ.

"ಹಯಾಮ್, ಸಹಿ ಎಷ್ಟು ಗಂಟೆಗೆ ಅಂದೆ?"

"ಮಧ್ಯಾಹ್ನ ಅಂದ್ರು. ಯಾಕೆ? ಎಲ್ಲಿಗೆ ಓಡ್ತೀಯೇ? ಲಿಫ್ಟ್ ಸರಿಹೋಗಿದೆ ಕಣೇ..."

ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

*

ಐದನೇ ಮಹಡಿಯಲ್ಲಿ ಅವನ ಮೇಜು ಅರ್ಧ ಖಾಲಿಯಾಗಿತ್ತು. ಕೆಳಗೊಂದು ರಟ್ಟಿನ ಪೆಟ್ಟಿಗೆ. ಮೇಜಿನ ಮೇಲೆ ಗೆಳೆಯರು ತಂದಿಟ್ಟ ರವೆ ಸಿಹಿ ಬಸ್‌ಬೂಸಾ ತಟ್ಟೆ, ಅದರ ಪಕ್ಕ ಮಸ್ಕತ್ತಿನ ಕಾಗದ. ಮಿಕ್ಕವರು ಟೀಗೆ ಹೋಗಿದ್ದರು. ಮುಹಾಬ್ ಒಬ್ಬನೇ ಪರದೆಯ ಮುಂದೆ ಕೂತಿದ್ದ.

"ಸಹಿ ಹಾಕಿದ್ರಾ?"

"ಇನ್ನೂ ಇಲ್ಲ. ಏನಾಯ್ತು? ಮತ್ತೆ ಸುಳ್ಳು ಗೆರೆ ಬಿತ್ತಾ?"

"ಏಳಿ."

"ಏನು?"

"ಕುರ್ಚಿ ಬಿಡಿ ಅಂದೆ."

ಅವನು ಎದ್ದ. ರಗ್ದಾ ಕೂತಳು. ಪರದೆಯಲ್ಲಿ ಅವನ ಫೈಲ್ ತೆರೆದೇ ಇತ್ತು. ಕಟ್ಟಕಡೆಯ ಸಾಲಿಗೆ ಹೋದಳು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಜೀವನದಲ್ಲಿ ಅಷ್ಟು ನಿಧಾನವಾಗಿ ಅವಳು ಎಂದೂ ಟೈಪ್ ಮಾಡಿರಲಿಲ್ಲ.

fpf;

ಕೆಳಗೆ ಕೆಂಪು ಗೆರೆ ಬಿತ್ತು.

ಮುಹಾಬ್ ಬಗ್ಗಿ ನೋಡಿದ. ನೋಡುತ್ತಲೇ ಇದ್ದ.

"ಇದು ಗೇಲಿ ಆದ್ರೆ, ಬಾಶ್‌ಮುಹಂದಿಸಾ..."

"ನಾನು ಸುಳ್ಳು ಹೇಳಿದ್ದೆ," ಅಂದಳು ರಗ್ದಾ. "ಮೊದಲನೇ ದಿನ. ಇದನ್ನ ಓದೋಕೆ ಬರುತ್ತೆ ಅಂದೆನಲ್ಲ, ಬರಲ್ಲ. ಒಂದಕ್ಷರಾನೂ ಬರಲ್ಲ. ನಿಮ್ಮ ಮುಂದೆ ಸಣ್ಣವಳಾಗ್ತೀನಿ ಅಂತ ಹಾಗಂದೆ."

"ಬರಲ್ವಾ?"

"ನಿಮ್ಮ ತೋಳು ತಾಗಿ ಬಿದ್ದಿದ್ದು ಅಂದ್ಕೊಂಡೆ. ಈಗ ಅಮ್ಮನಿಗೆ ಬರೆಯೋವಾಗ ನನ್ನ ಬೆರಳಲ್ಲೇ ಬಂತು. ಆಗ ಗೊತ್ತಾಯ್ತು."

ಮುಹಾಬ್ ನಿಧಾನವಾಗಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತ. ಪೆಟ್ಟಿಗೆ ಅವನ ಭಾರಕ್ಕೆ ಕುಸಿಯಿತು. ಅವನಿಗೆ ಅದರ ಪರಿವೆ ಇರಲಿಲ್ಲ.

"ಹಾಗಾದ್ರೆ ಅವತ್ತು ಇಲ್ಲಿ ನಿಂತು, ಕಸಾನ ಕಸ ಅನ್ನದೆ ಏನನ್ನಲಿ ಅಂದ್ರಲ್ಲ..."

"ಇನ್ನೊಂದ್ಸಲ ಅದನ್ನ ನೆನಪಿಸಬೇಡಿ. ನಾಚಿಕೆಯಿಂದ ಸತ್ತೇ ಹೋಗ್ತೀನಿ." ಅವಳು ಅವನತ್ತ ತಿರುಗಿದಳು. "ನಿಮಗಾದ್ರೂ ಬಾಯಲ್ಲಿ ಹೇಳೋಕೆ ಏನಾಗಿತ್ತು?"

"ಬಾಯಲ್ಲಿ ಹೇಳೋ ಧೈರ್ಯ ಇದ್ದಿದ್ರೆ ಎಡಿಟರ್ ಬರ್ಕೊಂಡು ಐದನೇ ಮಹಡೀಲಿ ಯಾಕೆ ಕೂತಿರ್ತಿದ್ದೆ?"

ಅಳು ಬರುವ ಹೊತ್ತಿನಲ್ಲಿ ಅವಳಿಗೆ ನಗು ಬಂತು. ಎರಡೂ ಒಟ್ಟಿಗೆ ಬಂದವು; ಕಣ್ಣೊರೆಸಿಕೊಂಡಳು.

"ಈಗ ಹೇಳಿ. ನಾನು ಕೇಳಬೇಕು. ಕಣ್ಣಲ್ಲಿ ಓದೋಕೆ ಬರಲ್ಲ ನನಗೆ, ಕಿವಿ ಚೆನ್ನಾಗಿದೆ."

ಅವನ ಕಿವಿಗಳು ಕೆಂಪಾದವು. ಹಯಾಮ್ ಹೇಳಿದ್ದು ನಿಜ. ಕುಸಿದ ಪೆಟ್ಟಿಗೆಯ ಮೇಲೆ ಕೂತೇ ಅವನು ಮುಖ ಎತ್ತಿದ.

"ಬಹಿಬ್ಬಿಕ್, ರಗ್ದಾ."

ಬಾಶ್‌ಮುಹಂದಿಸಾ ಇಲ್ಲ. ಬರೀ ರಗ್ದಾ. ಎರಡು ತಿಂಗಳಲ್ಲಿ ಅವನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು ಎಂಬುದು ಆಗ ಅವಳಿಗೆ ಹೊಳೆಯಿತು.

"ಬಹಿಬ್ಬಕ್," ಅಂದಳು.

ಟ್ರಾಮ್ ಒಂದು ಕಿಟಕಿಯ ಕೆಳಗೆ ಸದ್ದು ಮಾಡುತ್ತ ಹೋಯಿತು. ಟೀಗೆ ಹೋದವರ ಮಾತು ಮೆಟ್ಟಿಲ ಕಡೆಯಿಂದ ಕೇಳಿಸತೊಡಗಿತು. ರಗ್ದಾ ಮಸ್ಕತ್ತಿನ ಕಾಗದ ತೆಗೆದು ಬಸ್‌ಬೂಸಾ ತಟ್ಟೆಯ ಕೆಳಗಿಟ್ಟಳು. ಸಕ್ಕರೆ ಪಾಕ ಅದರ ಅಂಚಿಗೆ ಇಳಿಯಿತು.

"ಅದು ಮೇಲಿನವರಿಗೆ ವಾಪಸ್ ಕೊಡೋ ಕಾಗದ," ಅಂದ ಅವನು. ತೆಗೆಯಲು ಕೈ ಮಾತ್ರ ಚಾಚಲಿಲ್ಲ.

"ಅಂಟಿಕೊಂಡ್ಬಿಡ್ತು ಅಂತ ಹೇಳಿ. ನಾಳೆ ಶುಕ್ರವಾರ, ರಜೆ. ಮನೇಲಿ ಮಹ್ಶಿ. ಸೋದರಮಾವನೂ ಬರ್ತಾರೆ. ನೀವು ನಿಮ್ಮಮ್ಮನ್ನ ಕರ್ಕೊಂಡು ಬನ್ನಿ."

ಹೆಣ್ಣಿನ ಮನೆಗೆ, ಸೋದರಮಾವ ಇರುವಾಗ, ತಾಯಿಯನ್ನು ಕರೆದುಕೊಂಡು ಹೋಗುವುದೆಂದರೆ ಏನೆಂದು ಮುಹಾಬನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಲೆಕೋಸಾ, ದ್ರಾಕ್ಷಿ ಎಲೆಯಾ?" ಎಂದು ಕೇಳಿದ, ಬೇರೆ ಮಾತು ಹೊಳೆಯದೆ.

"ಅಮ್ಮನಿಗೆ ಇನ್ನೂ ಉತ್ತರ ಬರೆದಿಲ್ಲ. ನಿಮಗ್ಯಾವುದು ಇಷ್ಟ?"

"ಖಾರ ಇಲ್ಲದ್ದು."

ಅವನು ಎದ್ದು ಅವಳ ಕುರ್ಚಿಯ ಹಿಂದೆ ಬಂದು ನಿಂತ. ಇಬ್ಬರೂ ಪರದೆ ನೋಡಿದರು. ಕೊನೆಯ ಸಾಲಿನ ಕೆಳಗೆ ಗೆರೆ ಹಾಗೇ ಇತ್ತು.

"ಇದು ಸುಳ್ಳು ಎರರ್ ಅಲ್ಲ," ಅಂದ. "ಅದಕ್ಕೆ ನಿಜವಾಗ್ಲೂ ಈ ಪದ ಗೊತ್ತಿಲ್ಲ."

"ನನಗೂ ಗೊತ್ತಿರಲಿಲ್ಲ."

"ಅಳಿಸಲಾ? ಬಿಲ್ಡ್ ಮುರಿಯುತ್ತೆ."

"ಮುರೀಲಿ ಬಿಡು," ಅಂದಳು ರಗ್ದಾ.